ಉಂಡವರ ಲೆಕ್ಕ ಬೆಂಗಳೂರಿಗೆ, ಎಲೆ ಎತ್ತುವುದು ಊರಿಗೆ

ಮಾನ್ಯ ಮುಖ್ಯಮಂತ್ರಿಗಳಿಗೆ, ಹಣಕಾಸು ಇಲಾಖೆಯ ಹಿರಿಯರಿಗೆ, ಹಾಗೂ ಹೋಟೆಲಿನ ಬಿಲ್ಲನ್ನು ಒಮ್ಮೆಯಾದರೂ ಕೊನೆಯ ಸಾಲಿನವರೆಗೆ ಓದಿರುವ ಎಲ್ಲರಿಗೆ,

ನಮಸ್ಕಾರ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಅಂತ ನಮ್ಮಪ್ಪ ಹೇಳುತ್ತಿದ್ದರು. ಅವರು ಹೋಟೆಲ್ ಶುರುಮಾಡಿದಾಗ ಊರ ಬಾಗಿಲಲ್ಲಿ ಆಕ್ಟ್ರಾಯ್ ಕಟ್ಟೆ ಇತ್ತು. ಸಕ್ಕರೆ ಮೂಟೆ, ಎಣ್ಣೆ ಡಬ್ಬ, ಕಾಫಿಬೀಜದ ಚೀಲ ಎಲ್ಲವೂ ಅಲ್ಲಿ ಇಳಿದು, ಚೀಟಿ ಹರಿಸಿಕೊಂಡು, ಆಮೇಲೆ ಒಳಗೆ ಬರಬೇಕಿತ್ತು. ಕಟ್ಟೆಯವನ ಜೊತೆ ಜಗಳವಾಡದ ದಿನವೇ ಇರಲಿಲ್ಲವಂತೆ. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾದ ದಿನ ಅಪ್ಪ ಗಿರಾಕಿಗಳಿಗೆಲ್ಲ ಪುಕ್ಕಟೆ ಕೇಸರಿಬಾತು ಕೊಟ್ಟರೆಂದು ಅಮ್ಮ ಹೇಳುತ್ತಾರೆ. ಒಂದು ವಿಷಯ ಮಾತ್ರ ಅವರಿಗೂ ಆಗ ಹೊಳೆದಿರಲಿಕ್ಕಿಲ್ಲ. ಕಟ್ಟೆಯಲ್ಲಿ ಕೊಟ್ಟ ಕಾಸು ಎಷ್ಟೇ ಕಿರಿಕಿರಿಯದಾಗಿರಲಿ, ಅದು ಊರಿನ ಪುರಸಭೆಗೇ ಹೋಗುತ್ತಿತ್ತು.

ಅಪ್ಪನ ಮಾತು ಮೀರಿ ಇವತ್ತು ಸುಂಕದವರ ಮುಂದೆಯೇ ಹೇಳಿಕೊಳ್ಳುತ್ತಿದ್ದೇನೆ. ಹೋಟೆಲ್ ಊಟದ ತೆರಿಗೆಯಲ್ಲಿ ಒಂದು ಸಣ್ಣ ಪಾಲು ಊಟ ನಡೆದ ಊರಿಗೂ ನೇರವಾಗಿ ಬರಲಿ ಅನ್ನುವುದೇ ಈ ಪತ್ರದ ವಿಷಯ.

ನಾನು ತುಮಕೂರು–ಶಿವಮೊಗ್ಗ ರಸ್ತೆಯ ಒಂದು ಪುರಸಭೆ ಊರಿನಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತೇನೆ. ಊರಿನ ಹೆಸರು ಬರೆದಿಲ್ಲ. ಬರೆದರೆ ಇದು ನಮ್ಮ ಪುರಸಭೆಯ ಮೇಲಿನ ದೂರು ಅಂತಾಗುತ್ತದೆ, ನಾಳೆ ಬೆಳಿಗ್ಗೆ ಮುಖ್ಯಾಧಿಕಾರಿಗಳು ನಮ್ಮಲ್ಲಿಗೇ ಕಾಫಿಗೆ ಬರಬೇಕು. 2018ರಲ್ಲಿ ಗೆದ್ದು ಒಂದು ಅವಧಿಗೆ ಪುರಸಭೆ ಸದಸ್ಯನೂ ಆಗಿದ್ದೆ. ಹಾಗಾಗಿ ಗಲ್ಲಾಪೆಟ್ಟಿಗೆಯ ಮುಂದೆಯೂ ಕೂತಿದ್ದೇನೆ, ಸಭೆಯ ಕುರ್ಚಿಯಲ್ಲೂ ಕೂತಿದ್ದೇನೆ. ಒಂದು ಕಡೆಯಿಂದ ಹೊರಟ ದುಡ್ಡು ಇನ್ನೊಂದು ಕಡೆ ಬರುತ್ತದೆಯೇ ಅಂತ ಕಾದು ನೋಡಿದವನ ಮಾತು ಇದು.

ಬಿಲ್ಲಿನಿಂದ ಶುರುಮಾಡುತ್ತೇನೆ. ಗಂಡ ಹೆಂಡತಿ ಇಬ್ಬರು ಬಂದು ಎರಡು ಮಸಾಲೆ ದೋಸೆ, ಎರಡು ಕಾಫಿ ತಗೊಂಡರು ಅನ್ನಿ. 200 ರೂಪಾಯಿ. ಅದರ ಮೇಲೆ ಶೇ 5 ಜಿಎಸ್‌ಟಿ, 10 ರೂಪಾಯಿ. ಐದು ಕೇಂದ್ರಕ್ಕೆ, ಐದು ರಾಜ್ಯಕ್ಕೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ ಶೇ 12, ಎ.ಸಿ. ಇದ್ದರೆ ಶೇ 18 ಇತ್ತು. ಅದೇ ವರ್ಷ ನವೆಂಬರ್ 15ರಿಂದ ನಮ್ಮಂಥವರಿಗೆಲ್ಲ ಒಂದೇ ಶೇ 5 ಆಯಿತು. ಆದರೆ ಹೂಡುವಳಿ ತೆರಿಗೆ ಜಮಾ ಕಿತ್ತುಕೊಂಡರು. ಅಂದರೆ ಗ್ಯಾಸ್ ಸಿಲಿಂಡರ್, ಗ್ರೈಂಡರ್, ಅಂಗಡಿ ಬಾಡಿಗೆಯ ಮೇಲೆ ನಾವು ಕಟ್ಟಿದ ತೆರಿಗೆ ವಾಪಸ್ ಇಲ್ಲ. ಅದರ ತಕರಾರು ಬೇರೆ, ಇಲ್ಲಿ ಬೇಡ. ದರ ಕಡಿಮೆಯೇ ಇದೆ, ಗಿರಾಕಿಯೂ ಗೊಣಗದೆ ಕೊಡುತ್ತಾನೆ. ರಾಜಿ ತೆರಿಗೆಯಲ್ಲಿರುವ, ಅಂದರೆ ಸರಳ ಲೆಕ್ಕದ ಕಾಂಪೋಸಿಷನ್ ಪದ್ಧತಿ ಆರಿಸಿಕೊಂಡ ಚಿಕ್ಕ ಹೋಟೆಲಿನವರು ಅದೇ ಶೇ 5ನ್ನು ಗಿರಾಕಿಯಿಂದ ಪಡೆಯುವಂತಿಲ್ಲ, ಕೈಯಿಂದ ಕಟ್ಟುತ್ತಾರೆ. ಹೇಗೆ ಕಟ್ಟಿದರೂ ಹೋಗುವ ದಾರಿ ಒಂದೇ.

ಆ ದಂಪತಿ ಕೈತೊಳೆದು, ಬೀಡಾ ಹಾಕಿಕೊಂಡು, ಬಸ್ಸು ಹತ್ತಿ ಹೋಗುತ್ತಾರೆ. ಅವರ ಹಿಂದೆ ಉಳಿಯುವುದೇನು? ಎಂಜಲು ತಟ್ಟೆ, ಲೋಟ ತೊಳೆದ ನೀರು, ಸಾಂಬಾರಿನಲ್ಲಿ ತೇಲುವ ನುಗ್ಗೆಕಾಯಿ ಸಿಪ್ಪೆ, ಟಿಶ್ಯೂ ಪೇಪರು, ನೀರಿನ ಬಾಟಲಿ, ಮತ್ತೆ ಶೌಚಾಲಯದ ಪೈಪಿನಲ್ಲಿ ಇಳಿದಿದ್ದು. ಬಸ್ಸಿನವರು ನಿಲ್ಲಿಸುವುದೇ ಅದಕ್ಕಾಗಿ, ದೋಸೆ ನೆಪ. ನಮ್ಮಲ್ಲಿ ದಿನಕ್ಕೆ ಎರಡು ಡ್ರಮ್ಮು ಮುಸುರೆ ಆಗುತ್ತದೆ. ಹಂದಿ ಸಾಕುವವರು ಒಂದನ್ನು ಒಯ್ಯುತ್ತಾರೆ, ಅವರು ಬಾರದ ದಿನ ನಾನು ದೇವರನ್ನು ನೆನೆಯುತ್ತೇನೆ. ತೊಳೆದ ನೀರಿನ ಜಿಡ್ಡು ಚರಂಡಿಯಲ್ಲಿ ಸೋಪಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ವಾಸನೆ, ಮಳೆಗಾಲದಲ್ಲಿ ಅದೇ ಚರಂಡಿ ಉಕ್ಕಿ ಹಿಂದಿನ ಓಣಿಯ ಮನೆಗಳ ಅಂಗಳಕ್ಕೆ. ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿದ್ದೇನೆ, ಕ್ಲೀನ್ ಮಾಡಿಸುತ್ತೇನೆ. ಎಲ್ಲರೂ ಕಟ್ಟಿಸಿಲ್ಲ. ಮೋರಿಗೆ ಇಳಿದು ಅದನ್ನು ಬಾಚುವವರು ಯಾರು? ಪುರಸಭೆಯ ಪೌರಕಾರ್ಮಿಕರು.

ನಮ್ಮಲ್ಲೊಂದು ಗಾದೆ ಇದೆ. ಎಲೆ ಎತ್ತೋ ಜಾಣ ಅಂದರೆ ಉಂಡವರೆಷ್ಟು ಅಂದನಂತೆ. ಸೋಮಾರಿಯನ್ನು ಆಡಿಕೊಳ್ಳಲಿಕ್ಕೆ ಹುಟ್ಟಿದ ಗಾದೆ ಇರಬೇಕು, ಆದರೆ ನಮ್ಮ ತೆರಿಗೆ ವ್ಯವಸ್ಥೆಗೆ ಇಷ್ಟು ಸರಿಯಾಗಿ ಹೊಂದುವುದು ಬೇರೊಂದಿಲ್ಲ. ಉಂಡವರೆಷ್ಟು ಅಂತ ಪೈಸೆ ಸಮೇತ ಎಣಿಸುವವರು ಒಬ್ಬರು. ಎಲೆ ಎತ್ತುವವರು ಇನ್ನೊಬ್ಬರು.

ಊರಿಗೆ ಏನೂ ಬರುವುದೇ ಇಲ್ಲ ಅಂದರೆ ಸುಳ್ಳಾದೀತು. ಬರುತ್ತದೆ. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಶಿಫಾರಸಿನಂತೆ ರಾಜ್ಯದ ಸ್ವಂತ ಆದಾಯದ ಒಂದು ಭಾಗ ಸ್ಥಳೀಯ ಸಂಸ್ಥೆಗಳಿಗೆ ಹಂಚಿಕೆಯಾಗುತ್ತದೆ. ನನ್ನ ಗಲ್ಲಾದ ಐದು ರೂಪಾಯಿಯೂ ಆ ದೊಡ್ಡ ಹಂಡೆಗೆ ಬಿದ್ದೇ ಬೀಳುತ್ತದೆ. ಆದರೆ ಹಂಡೆಯಿಂದ ಬಡಿಸುವ ರೀತಿ ನೋಡಿ. ಎಸ್‌ಎಫ್‌ಸಿ ವೇತನ ಅನುದಾನ, ಎಸ್‌ಎಫ್‌ಸಿ ವಿದ್ಯುತ್ ಅನುದಾನ ಅಂತ ಮೊದಲೇ ಹೆಸರು ಬರೆದು ಬರುತ್ತದೆ. ಒಂದು ಸಿಬ್ಬಂದಿ ಸಂಬಳಕ್ಕೆ, ಇನ್ನೊಂದು ಬೀದಿದೀಪ ಮತ್ತು ನೀರಿನ ಪಂಪಿನ ಕರೆಂಟ್ ಬಿಲ್ಲಿಗೆ. ಸಭೆಯಲ್ಲಿ ಕೂತು ನಾವು ನಿಜವಾಗಿ ಚರ್ಚೆ ಮಾಡಬಹುದಾದದ್ದು ಎಸ್‌ಎಫ್‌ಸಿ ಮುಕ್ತನಿಧಿ ಒಂದರ ಮೇಲೆ. ಅದನ್ನು ಇಪ್ಪತ್ಮೂರು ವಾರ್ಡಿಗೆ ಹರಿದು ಹಂಚಿದರೆ ಒಬ್ಬೊಬ್ಬರ ಪಾಲಿಗೆ ಒಂದು ಮೋರಿ ಚಪ್ಪಡಿ, ಅರ್ಧ ಸಿಸಿ ರಸ್ತೆ. ನನ್ನ ವಾರ್ಡಿನ ಅರ್ಧ ರಸ್ತೆ ಇನ್ನೂ ಅರ್ಧವೇ ಇದೆ, ಬೇಕಾದರೆ ಬಂದು ನೋಡಿ.

ಇನ್ನೊಂದು ಮಾತು. ಆ ಹಂಚಿಕೆಯ ಸೂತ್ರದಲ್ಲಿ ದೊಡ್ಡ ತೂಕ ಜನಸಂಖ್ಯೆಗೆ. ಅದೂ 2011ರ ಜನಗಣತಿಯದು. ಜನಗಣತಿ ಎಣಿಸುವುದು ಊರಲ್ಲಿ ಮಲಗುವವರನ್ನು. ಊರಿಗೆ ಬಂದು, ಉಂಡು, ಕೈತೊಳೆದು ಹೋಗುವವರನ್ನು ಅಲ್ಲ. ನಮ್ಮದಾದರೂ ಪುರಸಭೆ. ಗೋಕರ್ಣ, ಸುಬ್ರಹ್ಮಣ್ಯ, ಹಂಪಿ ನೋಡಿ, ಮೂರೂ ಗ್ರಾಮ ಪಂಚಾಯಿತಿಗಳು. ರಜೆ ಬಂದರೆ ಊರಿನವರಿಗಿಂತ ಪರಊರಿನವರೇ ಜಾಸ್ತಿ. ಆ ಜನವನ್ನೆಲ್ಲ ಸಾಕುವುದು, ಅವರ ಕಸ ಎತ್ತುವುದು ಹಳ್ಳಿಯ ಅಳತೆಗೆ ಹೊಲಿದ ಒಂದು ಪಂಚಾಯಿತಿ ಆಫೀಸು. ಯಾತ್ರಿಕರನ್ನು ಎಣಿಸುವುದು ಹೇಗೆ ಅಂತ ಸರ್ಕಾರ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹೋಟೆಲ್ ಬಿಲ್ಲಿನ ತೆರಿಗೆ ದಿನದಿನವೂ ಅದನ್ನೇ ಎಣಿಸುತ್ತಿದೆ.

ಜಿಎಸ್‌ಟಿ ಬಂದಾಗ ಸ್ಥಳೀಯ ಸಂಸ್ಥೆಗಳು ಕಳೆದುಕೊಂಡಿದ್ದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಸಂವಿಧಾನದ 101ನೇ ತಿದ್ದುಪಡಿ ರಾಜ್ಯಪಟ್ಟಿಯಿಂದ ಎರಡು ಬಾಬ್ತುಗಳನ್ನು ತೆಗೆದುಹಾಕಿತು. ಒಂದು, ಸರಕು ಊರೊಳಗೆ ಬರುವುದರ ಮೇಲಿನ ಪ್ರವೇಶ ತೆರಿಗೆ. ಆಕ್ಟ್ರಾಯ್ ತೆಗೆದ ಮೇಲೆ ಅದರ ಬದಲಿಗೆ ಅಂತ ಕರ್ನಾಟಕ 1979ರಲ್ಲಿ ತಂದದ್ದೇ ಅದು. ಇನ್ನೊಂದು, ಜಾಹೀರಾತು ತೆರಿಗೆ. ಮನರಂಜನೆ ತೆರಿಗೆಯೊಂದನ್ನು ಮಾತ್ರ ಪಂಚಾಯಿತಿ, ಪುರಸಭೆಗಳು ತಾವೇ ಹಾಕಿ ವಸೂಲು ಮಾಡಬಹುದು ಅಂತ ಉಳಿಸಿದರು. ನಮ್ಮೂರಿನ ಎರಡು ಟಾಕೀಸಿನಲ್ಲಿ ಒಂದು ಈಗ ಕಲ್ಯಾಣಮಂಟಪ. ಆದಾಯ ಕುಸಿದರೆ ತುಂಬಿಕೊಡುತ್ತೇವೆ ಅಂತ ರಾಜ್ಯಗಳಿಗೆ ವರ್ಷಕ್ಕೆ ಶೇ 14ರ ಬೆಳವಣಿಗೆಯ ಖಾತರಿ ಕೊಟ್ಟು, 2022ರ ಜೂನ್‌ವರೆಗೆ ಐದು ವರ್ಷ ಪರಿಹಾರ ಕೊಟ್ಟರು. ಪುರಸಭೆಗೆ ಅಂಥ ಖಾತರಿ ಯಾರೂ ಬರೆದುಕೊಡಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಈಗ ನನ್ನ ಬೇಡಿಕೆ. ಹೊಸ ತೆರಿಗೆ ಬೇಡ. ಗಿರಾಕಿಯಿಂದ ಒಂದು ಪೈಸೆಯೂ ಹೆಚ್ಚು ಬೇಡ. ಆ 200 ರೂಪಾಯಿ ಬಿಲ್ಲಿನಲ್ಲಿ ರಾಜ್ಯಕ್ಕೆ ಬರುವ ಐದು ರೂಪಾಯಿಯಲ್ಲಿ ಒಂದು ರೂಪಾಯಿಯನ್ನು, ಊಟ ನಡೆದ ಊರಿನ ಸ್ಥಳೀಯ ಸಂಸ್ಥೆಗೆ ನೇರವಾಗಿ ಕೊಡಿ. ದಿನಕ್ಕೆ 20,000 ರೂಪಾಯಿ ವ್ಯಾಪಾರವಿರುವ ಹೋಟೆಲು ರಾಜ್ಯಕ್ಕೆ 500 ರೂಪಾಯಿ ಕಟ್ಟುತ್ತದೆ. ಅದರಲ್ಲಿ ಊರಿಗೆ ನೂರು. ಅಂಥ ನಲವತ್ತು ಹೋಟೆಲಿರುವ ಊರಾದರೆ ದಿನಕ್ಕೆ ನಾಲ್ಕು ಸಾವಿರ, ವರ್ಷಕ್ಕೆ 14 ಲಕ್ಷದ 60 ಸಾವಿರ. ನಿಮ್ಮ ಬಜೆಟ್ ಪುಸ್ತಕದಲ್ಲಿ ಇದು ಕಾಣಿಸುವ ಸಂಖ್ಯೆಯೇ ಅಲ್ಲ. ನಮ್ಮಲ್ಲಿ, ತಲೆಗೆ ತಿಂಗಳಿಗೆ 20,000 ಅಂತ ಹಿಡಿದರೆ, ಆರು ಜನ ಪೌರಕಾರ್ಮಿಕರ ವರ್ಷದ ಸಂಬಳ.

ಇದಕ್ಕೆ ಜಿಎಸ್‌ಟಿ ಮಂಡಳಿಯ ಒಪ್ಪಿಗೆ ಬೇಕು, ದೆಹಲಿಗೆ ಹೋಗಬೇಕು ಅಂತ ನೀವು ಹೇಳಬಹುದು. ಬೇಕಾಗಿಲ್ಲ. ದರ ಬದಲಾಯಿಸಿ ಅಂತ ನಾನು ಕೇಳುತ್ತಿಲ್ಲ. ಸಂವಿಧಾನದ 243-ಎಕ್ಸ್ ವಿಧಿ ಹೇಳುವುದು ಸ್ಪಷ್ಟ: ರಾಜ್ಯ ಸರ್ಕಾರ ತಾನು ವಿಧಿಸಿ ವಸೂಲು ಮಾಡುವ ತೆರಿಗೆಯನ್ನು ಶಾಸನಸಭೆಯ ಕಾನೂನಿನ ಮೂಲಕ ಪುರಸಭೆಗೆ ವಹಿಸಿಕೊಡಬಹುದು. ಪಂಚಾಯಿತಿಗೆ ಇದೇ ಮಾತನ್ನು 243-ಎಚ್ ಹೇಳುತ್ತದೆ. 1993ರಿಂದ ಈ ಬಾಗಿಲು ತೆರೆದೇ ಇದೆ.

ಊಟ ನಡೆದ ಊರು ಯಾವುದು ಅಂತ ಹೇಳುವುದು ಕಷ್ಟ ಅನ್ನುವವರಿಗೂ ಉತ್ತರ ಕಾನೂನಿನಲ್ಲೇ ಇದೆ. ಅಂತರರಾಜ್ಯ ವ್ಯಾಪಾರದ ತೆರಿಗೆಯ ಐಜಿಎಸ್‌ಟಿ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಹೋಟೆಲ್ ಊಟಕ್ಕೆ ಪ್ರತ್ಯೇಕ ನಿಯಮವಿದೆ. ಗಿರಾಕಿ ಎಲ್ಲಿಯವನೇ ಆಗಿರಲಿ, ಊಟ ಬಡಿಸಿದ ಜಾಗವೇ ಪೂರೈಕೆಯ ಜಾಗ. ಸೊಲ್ಲಾಪುರದಿಂದ ಬಂದ ಲಾರಿ ಚಾಲಕ ನನ್ನಲ್ಲಿ ಊಟ ಮಾಡಿದರೆ ತೆರಿಗೆ ಮಹಾರಾಷ್ಟ್ರಕ್ಕೆ ಹೋಗುವುದಿಲ್ಲ, ಕರ್ನಾಟಕಕ್ಕೇ ಬರುತ್ತದೆ. ಯಾಕೆ? ಅವನು ಇಲ್ಲಿ ಉಂಡ, ಇಲ್ಲಿಯ ನೀರು ಕುಡಿದ. ರಾಜ್ಯದ ಗಡಿಗೆ ಒಪ್ಪುವ ಈ ನ್ಯಾಯ ಊರಿನ ಗಡಿಗೆ ಯಾಕೆ ಒಪ್ಪುವುದಿಲ್ಲ?

ಮುಖ್ಯಮಂತ್ರಿಗಳೇ, ಇದೇ ಮಾತನ್ನು ಕರ್ನಾಟಕ ಸರ್ಕಾರವೇ ದೆಹಲಿಯಲ್ಲಿ ಹೇಳಿದೆ. 2024ರ ಫೆಬ್ರವರಿ 7ರಂದು ಜಂತರ್ ಮಂತರ್‌ನಲ್ಲಿ ಮುಖ್ಯಮಂತ್ರಿ, ಸಚಿವರು, ಶಾಸಕರು ಕೂತಾಗ ನಮ್ಮ ಹೋಟೆಲಿನ ಟಿ.ವಿ.ಯಲ್ಲಿ ನೋಡಿದೆವು. ನಮ್ಮ ತೆರಿಗೆ ನಮ್ಮ ಹಕ್ಕು ಅಂದಿರಿ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ನಮ್ಮ ರಾಜ್ಯದ ಪಾಲು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು ಅಂದಿರಿ. ನಾನು ಗಲ್ಲಾದಲ್ಲಿ ಕೂತು ತಲೆಯಾಡಿಸಿದೆ. ನನ್ನ ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ವಾಟರ್‌ಮನ್ ಒಂದು ಮಾತು ಕೇಳಿದ: “ಸ್ವಾಮಿ, ನಮ್ಮ ಪುರಸಭೆಯವರು ಬೆಂಗಳೂರಲ್ಲಿ ಎಲ್ಲಿ ಕೂರಬೇಕು?” ಫ್ರೀಡಂ ಪಾರ್ಕಿನಲ್ಲಿ ಅಂದೆ. ಎಲ್ಲರೂ ನಕ್ಕೆವು.

ಊಟ ನಡೆದ ಊರು ಯಾವುದು ಅನ್ನುವ ವಿಳಾಸದ ಪ್ರಶ್ನೆಗೆ ಇನ್ನೂ ಒಂದು ಉತ್ತರವಿದೆ, ಸ್ವಲ್ಪ ಖಾರವಾಗಿದೆ, ಕ್ಷಮಿಸಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡು ಹಾಕಿದರು. ಬಂದ್ ಮಾಡುತ್ತೇವೆ ಅಂದಮೇಲೆ ಸರ್ಕಾರ ಮಾತುಕತೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಅಂತ ಹೇಳಿತು. ಒಳ್ಳೆಯದಾಯಿತು. ನನಗೆ ಬೆರಗಾದದ್ದು ಬೇರೆ. ಯಾವ ಓಣಿಯ ಯಾವ ಟೀ ಅಂಗಡಿಗೆ ವರ್ಷಕ್ಕೆ ಎಷ್ಟು ಬಂತು ಅಂತ ಬೆಂಗಳೂರಿನಲ್ಲಿ ಕೂತೇ ಗೊತ್ತಾಯಿತಲ್ಲ! ವಸೂಲಿಗೆ ಸಿಕ್ಕ ವಿಳಾಸ ಹಂಚಿಕೆಗೂ ಸಿಗಬೇಕು.

ನಿಜವಾದ ತೊಡಕು ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನಂಥ ಒಂದೇ ಹೋಟೆಲಿನವನ ನೋಂದಣಿಯಲ್ಲಿ ಒಂದೇ ವಿಳಾಸ, ಪಿನ್‌ಕೋಡ್ ಸಮೇತ. ಆದರೆ ರಾಜ್ಯದ ತುಂಬ ಇಪ್ಪತ್ತು ಶಾಖೆ ಇರುವ ಹೋಟೆಲು ಒಂದೇ ನೋಂದಣಿ ಸಂಖ್ಯೆಯಲ್ಲಿ ಒಂದೇ ರಿಟರ್ನ್ ಸಲ್ಲಿಸಬಹುದು. ತೆರಿಗೆಯೆಲ್ಲ ಮುಖ್ಯ ಕಚೇರಿಯ ವಿಳಾಸದಲ್ಲಿ, ಅಂದರೆ ಹೆಚ್ಚಾಗಿ ಬೆಂಗಳೂರಿನಲ್ಲಿ, ಕಾಣಿಸುತ್ತದೆ. ಅಂಥವರಿಂದ ಶಾಖಾವಾರು ವ್ಯಾಪಾರದ ಒಂದು ಪಟ್ಟಿಯನ್ನು ವರ್ಷಕ್ಕೊಮ್ಮೆ ಕೇಳಿ. ಅವರ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಅದು ಒಂದು ಗುಂಡಿ ಒತ್ತಿದರೆ ಬರುತ್ತದೆ. ಮನೆಗೆ ತಲುಪಿಸುವ ಆ್ಯಪ್‌ಗಳ ಊಟಕ್ಕಂತೂ 2022ರ ಜನವರಿಯಿಂದ ತೆರಿಗೆ ಕಟ್ಟುವವರೇ ಆ್ಯಪ್‌ನವರು. ಯಾವ ಹೋಟೆಲಿನ ಯಾವ ಬಾಗಿಲಿನಿಂದ ಪೊಟ್ಟಣ ಎತ್ತಿದರು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ತಂಗಿಯ ಮಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದಾಳೆ. ಅಲ್ಲಿಯ ದೋಸೆ ಬಿಲ್ಲಿನ ಫೋಟೋ ಕಳಿಸಿದ್ದಳು, ದೋಸೆಯ ಬೆಲೆ ನೋಡಿ ನಾನು ಎದೆ ಹಿಡಿದುಕೊಳ್ಳಲಿ ಅಂತ. ಹಿಡಿದುಕೊಂಡೆ. ಆಮೇಲೆ ತೆರಿಗೆಯ ಸಾಲು ನೋಡಿ ಅವಳನ್ನು ಕೇಳಿದೆ, ನಾನೂ ಓದಿದೆ. ಅಲ್ಲಿ ಊಟದ ಮೇಲೆ ರಾಜ್ಯಕ್ಕೆ ಶೇ 6.25. ಅದರ ಮೇಲೆ ಶೇ 0.75 ಊರಿಗೆ, ಊರು ಬೇಕು ಅಂತ ತೀರ್ಮಾನ ಮಾಡಿದರೆ ಮಾತ್ರ. 2009ರಲ್ಲಿ ಈ ಅವಕಾಶ ಕೊಟ್ಟರು. ಪಕ್ಕದ ನ್ಯೂ ಹ್ಯಾಂಪ್‌ಶೈರ್ ಕತೆ ನಮಗೆ ಹೆಚ್ಚು ಹತ್ತಿರದ್ದು. ಊಟ ಮತ್ತು ವಸತಿ ತೆರಿಗೆಯಲ್ಲಿ ಹಂತಹಂತವಾಗಿ ಶೇ 40ನ್ನು ಊರುಗಳಿಗೆ ಕೊಡುತ್ತೇವೆ ಅಂತ ಕಾನೂನಿನಲ್ಲೇ ಬರೆದಿದ್ದರು. ಖಜಾನೆ ಬಿಗಿಯಾದಾಗೆಲ್ಲ ಬಜೆಟ್ಟಿನಲ್ಲಿ ಆ ಸಾಲನ್ನು ಅಮಾನತಿನಲ್ಲಿಟ್ಟರು, ಪಾಲು ಶೇ 40 ಮುಟ್ಟಲೇ ಇಲ್ಲ. ಕೊನೆಗೆ 2021ರಲ್ಲಿ ಶೇ 30 ಸಾಕು, ಆದರೆ ಅದು ಪ್ರತ್ಯೇಕ ನಿಧಿಗೆ ಹೋಗಲಿ ಅಂತ ಮಾಡಿದರು. ದೊಡ್ಡ ಭರವಸೆಗಿಂತ ಬೀಗ ಹಾಕಿದ ಸಣ್ಣ ಡಬ್ಬಿ ಮೇಲು ಅಂತ ಅವರಿಗೆ ಅನುಭವದಿಂದ ಗೊತ್ತಾಯಿತು. ಅದಕ್ಕೇ ನಾನು ಐದರಲ್ಲಿ ಎರಡು ಕೇಳದೆ ಒಂದು ಕೇಳುತ್ತಿದ್ದೇನೆ, ಜೊತೆಗೆ ಬೀಗವನ್ನೂ ಕೇಳುತ್ತಿದ್ದೇನೆ.

ಈ ವಿಷಯವನ್ನು ಊರಲ್ಲಿ ನಾಲ್ಕು ಜನರ ಮುಂದೆ ಇಟ್ಟಾಗ ಬಂದ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾಗಿದ್ದವು.

ಮೊದಲನೆಯದು ನಮ್ಮ ಲೆಕ್ಕ ಬರೆಯುವವರದು. ಊಟ ನಡೆದ ಜಾಗಕ್ಕೇ ದುಡ್ಡು ಅಂದರೆ ಸಿಂಹಪಾಲು ಬೆಂಗಳೂರಿನ ಐದು ಪಾಲಿಕೆಗಳಿಗೆ ಹೋಗುತ್ತದೆ, ಹೋಟೆಲೇ ಇಲ್ಲದ ಪಾವಗಡದ ಮೂಲೆಯ ಹಳ್ಳಿಗೆ ಸೊನ್ನೆ ಅಂದರು. ನಿಜ. ಹಾಗಾಗಿ ಆ ಒಂದು ರೂಪಾಯಿಯಲ್ಲಿ ಅರವತ್ತು ಪೈಸೆ ಮಾತ್ರ ಉಂಡ ಊರಿಗೆ, ನಲವತ್ತು ಪೈಸೆ ರಾಜ್ಯದ ಎಲ್ಲ ಪಂಚಾಯಿತಿ, ಪುರಸಭೆಗಳಿಗೆ ಜನಸಂಖ್ಯೆಯ ಲೆಕ್ಕದಲ್ಲಿ ಹೋಗಲಿ. ನನ್ನ ನಾಲ್ಕು ಸಾವಿರ 2,400ಕ್ಕೆ ಇಳಿಯುತ್ತದೆ. ಇಳಿಯಲಿ.

ಎರಡನೆಯದು ಹಿಂದಿನ ಓಣಿಯ ಅಜ್ಜಿಯದು. ಚರಂಡಿ ಉಕ್ಕಿದಾಗ ನೀರು ನುಗ್ಗುವುದು ಅವರ ಮನೆಗೇ. “ದುಡ್ಡು ಬಂದ್ರೆ ನೀವು ಮೋರಿ ಕಟ್ತೀರಾ, ಇಲ್ಲ ಅಧ್ಯಕ್ಷರ ಕಾರಿಗೆ ಡೀಸೆಲ್ ಹಾಕಿಸ್ತೀರಾ?” ನಾನು ಸದಸ್ಯನಾಗಿದ್ದವನು, ಇದಕ್ಕೆ ಸುಳ್ಳು ಉತ್ತರ ಕೊಡಲು ಬಾಯಿ ಬರಲಿಲ್ಲ. ಕಾನೂನಿನಲ್ಲೇ ಕಟ್ಟಿ ಹಾಕಿ. ಈ ದುಡ್ಡು ಕಸ, ಚರಂಡಿ, ಕುಡಿಯುವ ನೀರು, ಸಾರ್ವಜನಿಕ ಶೌಚಾಲಯಕ್ಕೆ ಮಾತ್ರ. ಎಷ್ಟು ಬಂತು, ಎಲ್ಲಿ ಹೋಯಿತು ಅಂತ ಮೂರು ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಬರೆಸಿ. ನನ್ನ ಹೋಟೆಲಿನ ಗೋಡೆಯನ್ನೂ ಕೊಡುತ್ತೇನೆ.

ಅಜ್ಜಿಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಖರ್ಚು ಮಾಡಲು ಆಯ್ಕೆಯಾದವರು ಇರಬೇಕಲ್ಲ. 2018ರ ಆಗಸ್ಟಿನ ಚುನಾವಣೆಯಲ್ಲಿ ಗೆದ್ದ ನಾವು ಮೀಸಲಾತಿ ವ್ಯಾಜ್ಯದ ಕಾರಣ ಎರಡು ವರ್ಷದ ಮೇಲೆ ಅಧ್ಯಕ್ಷರಿಲ್ಲದೆ ಕೂತಿದ್ದೆವು. ಗೆದ್ದ ಸನ್ಮಾನದ ಶಾಲು ಮಡಿಕೆಯಲ್ಲೇ ಹಳೆಯದಾಯಿತು. ಬೆಂಗಳೂರಿನ ಬಿಬಿಎಂಪಿ ಕೌನ್ಸಿಲ್ 2020ರ ಸೆಪ್ಟೆಂಬರಿಗೆ ಮುಗಿಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಇದನ್ನು ಸರಿಮಾಡುವುದೂ ನಿಮ್ಮ ಕೈಯಲ್ಲೇ ಇರುವುದರಿಂದ ಅದೇ ಅರ್ಜಿಯಲ್ಲಿ ಸೇರಿಸಿಬಿಟ್ಟಿದ್ದೇನೆ.

ಹೋಟೆಲಿನವರು ಉದ್ದಿಮೆ ಪರವಾನಗಿ ಶುಲ್ಕ, ವಾಣಿಜ್ಯ ದರದ ಆಸ್ತಿ ತೆರಿಗೆ, ಕಸದ ಶುಲ್ಕ ಎಲ್ಲ ಕಟ್ಟುತ್ತಾರಲ್ಲ ಅಂತ ಯಾರಾದರೂ ಅಂದಾರು. ಕಟ್ಟುತ್ತೇವೆ. ಐವತ್ತು ಜನ ಬಂದರೂ ಅಷ್ಟೇ, ಐನೂರು ಜನ ಬಂದರೂ ಅಷ್ಟೇ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ತೆರೆದಾಗ ಬಿಡದಿ, ರಾಮನಗರ, ಮದ್ದೂರು ಎಲ್ಲ ಬದಿಗೆ ಸರಿದವು. ಹಳೆಯ ರಸ್ತೆಯ ಹೋಟೆಲಿನವರ ಪಾಡು ಕೇಳಿ. ಗಿರಾಕಿ ಹೋದರು, ಪರವಾನಗಿ ಶುಲ್ಕ ಹೋಗಲಿಲ್ಲ. ಊಟದ ತೆರಿಗೆ ಹಾಗಲ್ಲ. ಎಲೆ ಎಷ್ಟೋ ಕಾಸು ಅಷ್ಟು.

ಮುಂದಿನ ಬಜೆಟ್ಟಿಗೆ ಮೊದಲು ಒಂದು ಜಿಲ್ಲೆಯಲ್ಲಾದರೂ ಮಾಡಿ ನೋಡಿ. ಉತ್ತರ ಕನ್ನಡ ಆಗಬಹುದು, ವಿಜಯನಗರ ಆಗಬಹುದು. ನಮ್ಮ ಜಿಲ್ಲೆಯೇ ಆಗಬೇಕು ಅಂತ ಹಟವಿಲ್ಲ.

20ನೇ ತಾರೀಖು ಹತ್ತಿರ ಬಂತು. ಲೆಕ್ಕ ಬರೆಯುವವರು ಸಂಜೆ ಬಂದು ಈ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ತುಂಬಿಸುತ್ತಾರೆ. ಅದರಲ್ಲಿ ಕೇಂದ್ರದ ತೆರಿಗೆಗೆ ಒಂದು ಕಾಲಂ ಇದೆ, ರಾಜ್ಯದ ತೆರಿಗೆಗೆ ಒಂದು ಕಾಲಂ ಇದೆ. ಹೊರಗೆ ಪುರಸಭೆಯ ಕಸದ ಗಾಡಿ ಹಾಡು ಹಾಕಿಕೊಂಡು ನಿಂತಿದೆ, ಎರಡನೇ ಡ್ರಮ್ಮು ಎತ್ತಿಕೊಡಲು ನಮ್ಮ ಹುಡುಗನನ್ನು ಕಳಿಸಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ,
ಹೆದ್ದಾರಿ ಬದಿಯ ಒಬ್ಬ ಹೋಟೆಲಿನವ, ಮಾಜಿ ಪುರಸಭೆ ಸದಸ್ಯ